ಗುರಿಮೊನೆಗೆ ಹಚ್ಚಿದ ಸುಣ್ಣ

ಪ್ಲಸ್ ಟು ಓದುವ ನನ್ನ ಮೊಮ್ಮಗಳು ಪಿಸ್ತೂಲು ಹೊಡೆಯುವ ಆಟದಲ್ಲಿ ನೀಲಗಿರಿ ಜಿಲ್ಲೆಯ ತಂಡಕ್ಕೆ ಸೇರಿದ್ದಾಳೆ! ನಮ್ಮ ಹಟ್ಟಿಯಲ್ಲಿ, ಟೀ ಫ್ಯಾಕ್ಟರಿಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಯಾಗಿದೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಮೂರನೇ ಕ್ಲಾಸು ಓದಿದ ಕೈಯಲ್ಲಿ ಅದನ್ನೀಗ ಬರೆಯುತ್ತಿದ್ದೇನೆ.

ಆಯ್ಕೆ ನಡೆದದ್ದು ಊಟಿಯ ಒಂದು ಹಾಲ್‌ನಲ್ಲಿ. ಗಾಳಿ ಪಿಸ್ತೂಲು, ಹತ್ತು ಮೀಟರು ದೂರದಲ್ಲಿ ಬಿಳಿ ಕಾಗದ, ಅದರ ನಡುವೆ ಕಪ್ಪು ಬೊಟ್ಟು. ಮಧ್ಯಾಹ್ನ ಮೂರಕ್ಕೇ ಮಂಜು ಕಿಟಕಿಗೆ ಒರಗಿ ನಿಂತು ಒಳಗೆಲ್ಲ ಮಬ್ಬಾಯಿತು. ಕೋಚು ಎರಡು ಫೋಕಸ್ ಲೈಟು ತರಿಸಿದರು. ನಾನು ಸುಮ್ಮನಿರಬೇಕಿತ್ತು.

“ಸಾರ್, ಒಂದು ಲೈಟು ಮಕ್ಕಳ ಕೈ ಮೇಲೆ ಬೀಳಲಿ. ಪಿಸ್ತೂಲೇ ಕಾಣದಿದ್ರೆ ಗುರಿ ಹೇಗೆ?”

“ತಾತಾ, ಎರಡೂ ಕಾಗದದ ಮೇಲೇ ಬೀಳಬೇಕು. ಪಿಸ್ತೂಲು ಕಪ್ಪಗೇ ಇರಲಿ. ನೀವು ಕೂತ್ಕೊಳ್ಳಿ, ಟೀ ಬರುತ್ತೆ.”

ಪಕ್ಕದಲ್ಲಿದ್ದ ಮಕ್ಕಳ ಅಪ್ಪಂದಿರು ನಕ್ಕರು. ನನಗೆ ಉರಿಯಿತು. ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಕೋವಿ ಹಿಡಿದು ಕಾಡುಹಂದಿಗೆ ಕಾದವನು ನಾನು. ಮುಸ್ಸಂಜೆಗೆ ಕೋವಿಯ ತುದಿಯ ಗುರಿಮೊನೆ ಕಾಣದಾದಾಗ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ಅದಕ್ಕೆ ಒಂದು ಚುಕ್ಕೆ ಹಚ್ಚುತ್ತಿದ್ದೆವು. ಕರಿ ಹಂದಿಯ ಮೇಲೆ ಬಿಳಿ ಚುಕ್ಕೆ ಎದ್ದು ಕಾಣುತ್ತಿತ್ತು. ಈ ಕೋಚಿಗೆ ಅದೆಲ್ಲ ಏನು ಗೊತ್ತು?

ಕೈ ಪಳಗಿಸುವ ಗುಂಡುಗಳು ಮುಗಿದು ಮೊಮ್ಮಗಳು ನೀರು ಕುಡಿಯಲು ಹೋದಳು. ಅವಳ ಖಾಲಿ ಪಿಸ್ತೂಲು ಮೇಜಿನ ಮೇಲಿತ್ತು. ಮುಟ್ಟಬಾರದೆಂದು ಬೋರ್ಡೇ ಇತ್ತು. ಜೇಬಿನ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಮೊನೆಗೆ ಹಚ್ಚಿ ಬಂದು ಕೂತೆ.

ಕಾಗದ ಬಿಳಿ, ಮೊನೆ ಹಿಡಿಯುವುದು ಬೊಟ್ಟಿನ ಕೆಳಗಿನ ಆ ಬಿಳಿಯ ಮೇಲೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಲೆಕ್ಕಕ್ಕೆ ಬರುವ ಗುಂಡುಗಳು ಶುರುವಾದವು. ಅವಳು ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಬಿಳಿಯ ಮುಂದೆ ಬಿಳಿ. ಮೊನೆ ಕಣ್ಣಿಗೆ ಸಿಕ್ಕುತ್ತಿಲ್ಲ. ಎರಡು ಗುಂಡು ಕಾಗದದ ಅಂಚಿಗೆ ಹೋದವು. ಕೋಚು ಬಂದು ಪಿಸ್ತೂಲು ನೋಡಿದರು.

“ಏನಮ್ಮಾ ಇದು, ಸುಣ್ಣ? ಒರೆಸಿ ತರೋಕೂ ಆಗಲ್ವಾ? ನಿನ್ನಂಥವಳನ್ನ ನಂಬಿ ತಂಡಕ್ಕೆ ಹೇಗೆ ತಗೊಳ್ಳಲಿ?”

ಅವಳು ಒಮ್ಮೆ ಹಿಂದೆ ತಿರುಗಿ ನನ್ನ ಬೆರಳು ನೋಡಿದಳು.

“ಸಾರಿ ಸಾರ್. ನಾನೇ ನೋಡ್ಕೊಳ್ಳಲಿಲ್ಲ.”

ನಾನು ಎದ್ದು ನಿಲ್ಲಬೇಕಿತ್ತು. ಕೈಯನ್ನು ಶಾಲಿನೊಳಗೆ ಎಳೆದುಕೊಂಡೆ.

ಕೋಚು ಸುಣ್ಣ ಒರೆಸಿ, ಕರ್ಪೂರ ಹಚ್ಚಿ ಅದರ ಹೊಗೆಗೆ ಮೊನೆ ಹಿಡಿದು ಮಸಿ ಮಾಡಿಕೊಟ್ಟರು. ಆಮೇಲಿನ ಗುಂಡುಗಳೆಲ್ಲ ಕಪ್ಪು ಬೊಟ್ಟಿನ ಒಳಗೇ! ತಂಡದ ಕೊನೆಯ ಜಾಗ ಅವಳಿಗೆ ಸಿಕ್ಕಿತು. ನಾನು ಎಲ್ಲರೆದುರು ಅತ್ತುಬಿಟ್ಟೆ. ಕೋಚು ನನ್ನ ಕೈಗೆ ಲಡ್ಡು ಇಟ್ಟರು.

“ತಾತಾ, ನಿಮ್ಮ ಮೊಮ್ಮಗಳ ಕೈ ಚೆನ್ನಾಗಿದೆ. ಜಾಗ್ರತೆ ಮಾತ್ರ ಸಾಲದು.”

ಲಡ್ಡನ್ನು ಮೇಜಿನ ಮೇಲಿಟ್ಟೆ.

“ಸಾರ್, ಆ ಸುಣ್ಣ ನಂದು. ಹಚ್ಚಿದ್ದು ನಾನು.”

“ಆಗ್ಲೇ ಯಾಕೆ ಹೇಳಲಿಲ್ಲ?” ಅಂದರು. ಅಷ್ಟೇ. ಅಪ್ಪಂದಿರು ಈ ಸಲ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

ಬಸ್ಸಿನಲ್ಲಿ ಅವಳ ಮುಖ ನೋಡದೆಯೇ ಕೇಳಿದೆ: “ನೀನಾದ್ರೂ ನನ್ನ ಕಡೆ ಬೆರಳು ತೋರಿಸಬಾರದಿತ್ತಾ?”

ನಮ್ಮಲ್ಲಿ ಅಜ್ಜನನ್ನು ಹೆತ್ತಪ್ಪ ಅನ್ನುತ್ತೇವೆ.

“ತೋರಿಸಿದ್ರೆ ನಿನ್ನನ್ನ ಹಾಲ್‌ನಿಂದ ಹೊರಗೆ ಹಾಕ್ತಿದ್ರು, ಹೆತ್ತಪ್ಪಾ,” ಅಂದಳು. “ನಾ ಹೊಡೆಯೋದನ್ನ ನೀ ನೋಡ್ಬೇಕು ಅಂತ ನಂಗಿತ್ತು.”