ನನಗೇನೂ ಆಗಲಿಲ್ಲ

ಕೊರೊನಾ ಲಸಿಕೆಯನ್ನು ನಾವು ಗಂಡ ಹೆಂಡತಿ ಒಂದೇ ದಿನ ಹಾಕಿಸಿಕೊಂಡೆವು. ಇಚಲಕರಂಜಿಯಲ್ಲಿ ಮನೆ ಹತ್ತಿರದ ಶಾಲೆಯಲ್ಲಿ ಮೊದಲು ಅವರು, ಹಿಂದೆಯೇ ನಾನು. ಅವರು ಪವರ್‌ಲೂಮ್ ನಡೆಸುತ್ತಿದ್ದರು. ನಾನು ಅದೇ ಕಾರ್ಖಾನೆಯಲ್ಲಿ ಮಗ್ಗಕ್ಕೆ ಹಾಕುವ ಕಾಂಡಿಗೆ ದಾರ ಸುತ್ತುತ್ತಿದ್ದೆ. ಸಂಜೆ ಇಬ್ಬರಿಗೂ ಸಣ್ಣಗೆ ಜ್ವರ ಬಂತು. ಮರುದಿನ ಬಿಟ್ಟಿತು. ನೋಯುವ ತೋಳು ಹಿಡಿದುಕೊಂಡೇ ನಗುತ್ತ ಕೆಲಸಕ್ಕೆ ಹೋದೆವು.

ಕೆಲವು ವಾರ ಕಳೆದಿರಬೇಕು. ಚಹಾದ ಹೊತ್ತಿಗೆ ಅವರು ನನ್ನ ಮಷೀನಿನ ತನಕ ಬಂದರು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಚಪ್ಪಲಿ ಎಲ್ಲಿ ಎಂದು ನಾನು ಕೇಳಿದ ಮೇಲೆಯೇ ಅವರು ಬಗ್ಗಿ ನೋಡಿದ್ದು.

"ಮುಂಜಾನಿಂದ ಕಾಲು ಜೋಮು ಹಿಡದಾವ" ಎಂದರು.

ಮಾರನೆಯ ದಿನ ಎದೆಯ ಕೆಳಗೆ ಏನೂ ಗೊತ್ತಾಗದಂತಾಯಿತು. ಮೂತ್ರ ಕಟ್ಟಿತು, ಕೈಗಳೂ ಸೋತವು. ಮಾಲೀಕರ ಟೆಂಪೋದಲ್ಲಿ ಮಲಗಿಸಿಕೊಂಡು ಕೊಲ್ಹಾಪುರಕ್ಕೆ ಹೋದೆವು.

ಸ್ಕ್ಯಾನ್ ಮಾಡಿ, ಬೆನ್ನಿನಿಂದ ನೀರು ತೆಗೆದು ನೋಡಿದರು. ಬೆನ್ನುಹುರಿಗೆ ಬಾವು ಬಂದಿದೆ, ರೋಗವನ್ನು ಎದುರಿಸಬೇಕಾದ ಮೈಯ ಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬಿದ್ದಿದೆ ಎಂದು ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಲಸಿಕೆಯಿಂದಲೇ ಆಯಿತೇ ಎಂದು ಕೇಳಿದೆ. ಆಗಿರಬಹುದು, ಆಗಿರಲಿಕ್ಕೂ ಇಲ್ಲ. ಲಸಿಕೆಯ ನಂತರ ಹೀಗಾಗುವುದು ತೀರ ಅಪರೂಪ, ಬರೀ ನೆಗಡಿ ಜ್ವರದ ಮೇಲೂ ಆಗುತ್ತದೆ, ಖಚಿತವಾಗಿ ಹೇಳಲಾಗದು ಎಂದರು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಆದರೂ ಬೈಯಲಿಕ್ಕೆ ಯಾರಾದರೂ ಒಬ್ಬರು ಸಿಕ್ಕಿದ್ದರೆ ಎಂದು ಆಸ್ಪತ್ರೆಯ ವರಾಂಡದಲ್ಲಿ ಕೂತು ಹಂಬಲಿಸಿದೆ.

ಸ್ಟಿರಾಯ್ಡ್ ಕೊಟ್ಟರು. ಕೈಗೆ ತುಸು ಬಲ ಬಂತು, ಕಾಲು ಏಳಲೇ ಇಲ್ಲ. ಬಾಡಿಗೆ ಖೋಲಿ ಬಿಟ್ಟು ಗಡಹಿಂಗ್ಲಜದ ಹತ್ತಿರ, ನೂಲ ಎಂಬ ಹಳ್ಳಿಯಲ್ಲಿರುವ ನನ್ನ ಅಣ್ಣನ ಮನೆಗೆ ಬಂದೆವು. ವ್ಯಾಯಾಮ ಮಾಡಿಸುವವರು ಮೊದಮೊದಲು ಸುಧಾರಿಸುತ್ತದೆ ಎನ್ನುತ್ತಿದ್ದರು. ಈಗ ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳಿ ಎನ್ನುತ್ತಾರೆ, ಅಷ್ಟೇ.

ಎರಡನೆಯ ಡೋಸಿಗೆ ನಾನು ಹೋಗಿಲ್ಲವೆಂದು ತಿಳಿದಾಗ ನನ್ನ ಗಂಡನಿಗೆ ಸಿಟ್ಟು ಬಂತು.

"ಹೋಗಿ ಹಾಕಿಸ್ಕೊಂಡ ಬಾ. ಆ ರೋಗ ಬಂದು ನೀನೂ ಮಲಗಿದ್ರ ನನ್ನ ನೋಡವ್ರು ಯಾರು?"

ಹೋದೆ. ಮುಂದೆ ಎಷ್ಟೋ ದಿನ, ಯಾರೂ ಇಲ್ಲದಾಗ, ನನ್ನ ಕಾಲ್ಬೆರಳು ಚಿವುಟಿ ನೋಡಿಕೊಳ್ಳುತ್ತಿದ್ದೆ. ಪ್ರತಿ ಸಲ ನೋಯುತ್ತಿತ್ತು. ಸಮಾಧಾನವಾಗಬೇಕಿತ್ತು, ಅವರ ಮುಖ ನೋಡಲು ಸಂಕೋಚವಾಗುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಅದನ್ನು ಅವರಿಗೆ ಹೇಳಿಬಿಟ್ಟೆ.

"ನಿನಗ್ಯಾಕ ಆಗಲಿಲ್ಲ ಅಂತ ನಾನೂ ವಿಚಾರ ಮಾಡೇನಿ" ಎಂದರು.

ಆಮೇಲೆ ಗೋಡೆಯ ಕಡೆ ಮುಖ ಮಾಡಿಸೆಂದರು. ಮಾಡಿಸಿದೆ.