ಗಾಯದ ಅಳತೆಗೆ ವಿಶ್ರಾಂತಿ

ದಿನಪತ್ರಿಕೆಯಲ್ಲಿ ವೈದ್ಯಕೀಯ ಸಂಶೋಧನೆಯ ಸುದ್ದಿಗೆ ಸಿಗುವ ಜಾಗ ಹೆಚ್ಚೆಂದರೆ ಅಂಗೈಯಗಲ. ರಾಶಿಭವಿಷ್ಯದ ಕೆಳಗೆ, ಪದಬಂಧದ ಪಕ್ಕದಲ್ಲಿ, ಕರೆಯದೆ ಬಂದ ನೆಂಟನ ಹಾಗೆ ಅದು ಮುದುಡಿ ಕುಳಿತಿರುತ್ತದೆ. ಆ ಅಂಗೈಯಗಲವನ್ನು ಕತ್ತರಿಸಿ ಹಳೆಯ ನೋಟುಪುಸ್ತಕದಲ್ಲಿ ಅಂಟಿಸುವುದು ನಿವೃತ್ತಿಯ ನಂತರ ನನಗೆ ಅಂಟಿಕೊಂಡ ವ್ಯಸನ. ನಾನು ಮಾತ್ರ ಅದನ್ನು ಲೋಕಹಿತವೆಂದೇ ಕರೆಯುತ್ತ ಬಂದೆ. ಹಾವೇರಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವುದರ ಜೊತೆಗೆ ಊರಿನ ಕುಂದುಕೊರತೆಗಳಿಗೆಲ್ಲ ಅರ್ಜಿ ಬರೆದವಳು ನಾನು. ಅನ್ಯಾಯಕ್ಕೆ ಸರಿಯಾದ ಹೆಸರಿಟ್ಟರೆ ಅರ್ಧ ಹೋರಾಟ ಗೆದ್ದಂತೆ ಎಂದು ನನಗೆ ಕಲಿಸಿದವರು ಹೇಳಿದ್ದರು. ಉಳಿದ ಅರ್ಧದ ವಿಚಾರವನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವರ್ಷ ನನ್ನ ರಕ್ತದಲ್ಲಿ ಕೊಲೆಸ್ಟರಾಲು ಏರಿದಾಗ, ಎದೆಮಟ್ಟದ ನೀರಿನಲ್ಲಿ ನಿಂತು ನಡೆದಾಡಿದರೆ, ಕೈಕಾಲು ಆಡಿಸಿದರೆ, ಕೊಬ್ಬು ಇಳಿಯಬಹುದೆಂಬ ಸಂಶೋಧನೆಯ ತುಣುಕು ನನ್ನ ಕೈಗೆ ಸಿಕ್ಕಿತು. ನೀರನ್ನು ಹುಡುಕುತ್ತ ಹೊರಟೆ. ಸಿಕ್ಕ ಒಂದೇ ಈಜುಕೊಳದಲ್ಲಿ ಹೆಂಗಸರಿಗೆ ಮೀಸಲಾದ ಸಮಯ ವಾರಕ್ಕೆರಡು ದಿನ, ಅದೂ ನೆತ್ತಿ ಸುಡುವ ಮಧ್ಯಾಹ್ನ. ಬೆಳಗಿನ ತಂಪು ಗಂಡಸರಿಗೆ. ಸಹಜವಾಗಿಯೇ ಒಂದು ಅರ್ಜಿ ಬರೆದು, ಅದರ ಪ್ರತಿಯನ್ನು ಹಿಡಿದುಕೊಂಡು ಬ್ಯಾಡಗಿಯಲ್ಲಿರುವ ತಂಗಿ ಗಿರಿಜಾಳ ಮನೆಗೆ ಹೋದೆ. ಅವಳು ಓದಿ ನಕ್ಕಳು.

“ಅಕ್ಕಾ, ನಮ್ಮವ್ವ ವರದಾ ಹೊಳ್ಯಾಗ ಟೊಂಕಮಟ ನಿಂತು ಕೌದಿ ಒಗೀತಿದ್ಲಲ್ಲ, ಅಕಿ ರಕ್ತಾ ಯಾರೂ ತಪಾಸಣಿ ಮಾಡಲಿಲ್ಲೇನು?”

ನಾನು ನಗಲಿಲ್ಲ, ಅದೂ ಒಂದು ಅನ್ಯಾಯವೇ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಅವಳ ನಗುವೂ ಅರ್ಧಕ್ಕೆ ನಿಂತಿತು. ಬಲಪಕ್ಕೆಯನ್ನು ಒತ್ತಿಕೊಂಡು ಗೋಡೆಗೆ ಒರಗಿದಳು.

ಆ ನೋವು ಹಲವು ತಿಂಗಳದ್ದು. ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ರಾಣೆಬೆನ್ನೂರಿನ ವೈದ್ಯೆಯೊಬ್ಬರು ಚಿತ್ರ ತೆಗೆಸಿ ನೋಡಿ, ಇನ್ನು ತಡಮಾಡುವುದು ಅಪಾಯ, ಪಿತ್ತಕೋಶವನ್ನು ತೆಗೆಯಲೇಬೇಕು ಎಂದಿದ್ದರು. ಈಗ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಾಗಿಲ್ಲ. ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಕೆಲಸ ಮುಗಿಸುವ ಕೀಹೋಲ್ ಶಸ್ತ್ರಚಿಕಿತ್ಸೆ ನಮ್ಮ ತಾಲೂಕುಗಳಿಗೂ ಬಂದಿದೆ. ಅದರ ಬಗೆಗಿನ ಸುದ್ದಿಗಳೂ ನನ್ನ ಪುಸ್ತಕದಲ್ಲಿದ್ದವು. ನೋವು ಕಡಿಮೆ, ಗಾಯ ಕಿರಿದು, ಕೆಲವೇ ದಿನಗಳಲ್ಲಿ ರೋಗಿ ಕೆಲಸಕ್ಕೆ ಮರಳಬಹುದು ಎಂಬ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ತಂಗಿಯ ಮುಂದಿಟ್ಟೆ.

ಅವಳು ಓದಿ, ಪುಸ್ತಕವನ್ನು ನನ್ನ ಕಡೆಗೇ ಸರಿಸಿದಳು.

“ಅದಕ್ಕ ಬ್ಯಾಡ ಅನ್ನಾಕತ್ತೇನಿ. ಕೊಯ್ದು ಮಾಡೋ ಡಾಕ್ಟರ್ ಇನ್ನೂ ಅದಾರಂತ. ನನಗ ದೊಡ್ಡ ಆಪರೇಷನ್ನ ಮಾಡಸು.”

ನನಗೆ ಅರ್ಥವಾಗಲಿಲ್ಲ. ಅವಳು ತಾಳ್ಮೆಯಿಂದ, ದಡ್ಡ ವಿದ್ಯಾರ್ಥಿಗೆ ಹೇಳುವಂತೆ ಹೇಳಿದಳು. “ಓಣ್ಯಾಗ ಶಾಂತವ್ವಗ ಈ ತೂತಿನ ಆಪರೇಷನ್ ಆತು. ನಾಕನೇ ದಿನಕ್ಕ ರೊಟ್ಟಿ ಬಡ್ಯಾಕ ಹಂಚಿನ ಮುಂದ ಕುಂತ್ಲು. ‘ಎಲ್ಲಿ ಆಗೇತಿ, ತೋರಸು’ ಅಂತಾರ ಮಂದಿ. ತೋರಸಾಕ ಏನೈತಿ? ನಮ್ಮ ಮನ್ಯವರ ಅವ್ವಗ ಅಪೆಂಡಿಕ್ಸ್ ಆದಾಗ ಗೇಣುದ್ದ ಕೊಯ್ದಿದ್ರಂತ. ಒಂದು ತಿಂಗಳು ಯಾರೂ ಎಬ್ಬಿಸಿಲ್ಲ. ಅಕ್ಕಾ, ನನಗ ಒಂದು ತಿಂಗಳು ಬೇಕು.”

ಗಿರಿಜಾಳ ಗಂಡ ಈರಣ್ಣ ಮಾರುಕಟ್ಟೆಯ ಹತ್ತಿರ ಖಾನಾವಳಿ ನಡೆಸುತ್ತಾನೆ. ಮೆಣಸಿನಕಾಯಿ ಪೇಟೆ ತುಂಬಿರುವಾಗ ಬೆಳಗಿನಿಂದ ಇಳಿಹೊತ್ತಿನವರೆಗೆ ರೊಟ್ಟಿ ಬಡಿಯುವವಳು ಇವಳೊಬ್ಬಳೇ. ಕೂಲಿಗೆ ಸಿಗುವ ಹೆಂಗಸರೆಲ್ಲ ಆ ಹಂಗಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸಲು ಹೋಗಿರುತ್ತಾರೆ. ಇಪ್ಪತ್ತು ವರ್ಷ ಆ ರೊಟ್ಟಿಯನ್ನು ಬಾಯಿ ಚಪ್ಪರಿಸಿ ಉಂಡು ಬಂದ ನಾನು, ಊರಿನ ಇಷ್ಟೊಂದು ಅನ್ಯಾಯಗಳಿಗೆ ನಾಮಕರಣ ಮಾಡಿದ ನಾನು, ತಂಗಿಯೊಬ್ಬಳು ವಿಶ್ರಾಂತಿಗಾಗಿ ಹೊಟ್ಟೆ ಸೀಳಿಸಿಕೊಳ್ಳಲು ಸಿದ್ಧಳಾಗಿರುವ ಈ ಸ್ಥಿತಿಗೆ ಏನೆಂದು ಹೆಸರಿಡಬೇಕೆಂದು ತಿಳಿಯದೆ ಕುಳಿತೆ. ಕೆಲಸಕ್ಕೆ ಬೇಗ ಮರಳಬಹುದೆಂದು ಬರೆದವರು ಯಾವ ಕೆಲಸ ಎಂದು ಕೇಳಿರಲಿಲ್ಲ. ಗೆರೆ ಎಳೆದ ನಾನೂ ಕೇಳಿರಲಿಲ್ಲ. ವಿಜ್ಞಾನ ಗಾಯವನ್ನು ಕಿರಿದು ಮಾಡಿತು. ಆದರೆ ಗಾಯದ ಉದ್ದವನ್ನು ನೋಡಿಯೇ ರಜೆ ಮಂಜೂರು ಮಾಡುವ ಮನೆಗಳು ಹಾಗೆಯೇ ಉಳಿದವು.

ಅಂದು ನಾನು ಭಾಷಣ ಮಾಡಲಿಲ್ಲ. “ನಿನ್ನ ತಿಂಗಳು ನನ್ನ ಜವಾಬ್ದಾರಿ, ತೂತಿನದನ್ನೇ ಮಾಡಿಸಿಕೊ” ಎಂದು ಕೈ ಹಿಡಿದು ಕೇಳಿಕೊಂಡೆ. ಕೊನೆಗೆ ಒಪ್ಪಿದಳು.

ರಾಣೆಬೆನ್ನೂರಿನಲ್ಲಿ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಒಪ್ಪಿಗೆ ಪತ್ರಕ್ಕೆ ರೋಗಿಯ ಸಹಿಗಿಂತ ಮೊದಲು ಗಂಡನ ಸಹಿಗಾಗಿ ಆಸ್ಪತ್ರೆಯವರೊಬ್ಬರು ಹುಡುಕಾಡಿದ್ದನ್ನು ಅಲ್ಲಿಯೇ ಎತ್ತಿ ಆಡಿದೆನೆಂಬುದನ್ನು ಬೇರೆ ಹೇಳಬೇಕಿಲ್ಲ. ಮನೆಗೆ ಹೊರಡುವಾಗ ಕೊಟ್ಟ ಅಚ್ಚಿನ ಹಾಳೆಯಲ್ಲಿ ‘ಒಂದು ವಾರದ ನಂತರ ಕಚೇರಿಗೆ ಹೋಗಬಹುದು, ಭಾರ ಎತ್ತಬಾರದು’ ಎಂದಿತ್ತು. ನಾನು ವೈದ್ಯೆಯ ಬಳಿಗೆ ಮರಳಿ ಹೋಗಿ, ಇವಳ ಕಚೇರಿ ಹಂಚಿನ ಮುಂದಿದೆ ಎಂದೆ. ಅವರು ನನ್ನನ್ನೊಮ್ಮೆ, ಗಿರಿಜಾಳ ಜಡ್ಡುಗಟ್ಟಿದ ಅಂಗೈಯನ್ನೊಮ್ಮೆ ನೋಡಿದರು. “ಏನಂತ ಬರೀಲಿ, ಹೇಳ್ರಿ” ಎಂದು ಕೇಳಿ, ತಮ್ಮ ಕೈಯಾರೆ ಕನ್ನಡದಲ್ಲಿ ಬರೆದರು: ‘ಒಂದು ತಿಂಗಳು ರೊಟ್ಟಿ ಬಡಿಯುವಂತಿಲ್ಲ, ಕೊಡ ಎತ್ತುವಂತಿಲ್ಲ.’

ಬ್ಯಾಡಗಿಯಲ್ಲಿ ಈರಣ್ಣ ಅದನ್ನು ಗಟ್ಟಿಯಾಗಿ ಓದಿ, “ಇದು ಡಾಕ್ಟರ್ ಬರದಿದ್ದೋ, ಅಕ್ಕಾರು ಬರಸಿದ್ದೋ?” ಎಂದ. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕಾರು ಎನ್ನುತ್ತಾರೆ. ಅವನ ಬಾಯಲ್ಲಿ ಅದು ಗೌರವವೋ ಚುಚ್ಚುಮಾತೋ ನನಗಿನ್ನೂ ಖಚಿತವಿಲ್ಲ. ಅವನ ತಾಯಿ ನೀಲವ್ವ, ಎಪ್ಪತ್ತು ದಾಟಿದ ಮುದುಕಿ, ಸೊಸೆಯ ಹೊಟ್ಟೆಯ ಮೇಲಿನ ಪಟ್ಟಿಗಳನ್ನು ಬಗ್ಗಿ ನೋಡಿದಳು.

“ಇಷ್ಟ? ಸೊಳ್ಳಿ ಕಡದಂಗ ಐತೆಲ್ಲ.”

ಗಿರಿಜಾ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ.

ಮರುದಿನ ನೀಲವ್ವನೇ ಹಂಚಿನ ಮುಂದೆ ಕುಳಿತಳು. ನಾನೂ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕುಳಿತೆ. ನನ್ನ ರೊಟ್ಟಿಗಳು ಭೂಪಟದ ದೇಶಗಳಂತೆ ಹರಡಿಕೊಂಡವು. ಗಿರಾಕಿಗಳು ಅವನ್ನು ಬದಿಗೆ ಸರಿಸಿ ಅನ್ನ ಕೇಳಿದರು. ಒಬ್ಬಳ ವಿಶ್ರಾಂತಿ ಮತ್ತೊಬ್ಬಳ ತೋಳಿನ ಮೇಲೆಯೇ ಬಂದು ಬೀಳುವುದನ್ನು ನೋಡುತ್ತ, ನಾನು ಗೆದ್ದು ತಂದೆನೆಂದುಕೊಂಡ ವೈದ್ಯೆಯ ಚೀಟಿ ಎಷ್ಟು ಹಗುರವೆಂದು ನಾಚಿಕೆಯಾಯಿತು. ಮೂರನೆಯ ದಿನ ನೀಲವ್ವನ ತೋಳು ಸೋತು, ಬಡಿಯುತ್ತಿದ್ದ ರೊಟ್ಟಿ ನಡುವೆ ಹರಿಯಿತು. ಅವಳು ಕೈ ತೊಳೆದುಕೊಂಡು, ಒಲೆಯನ್ನೇ ನೋಡುತ್ತ ಹೇಳಿದಳು.

“ಅಕ್ಕಾರ, ನನಗ ಅಪೆಂಡಿಕ್ಸ್ ಆಪರೇಷನ್ ಆದ ತಿಂಗಳದಾಗ ನಾ ನಮ್ಮ ಮನ್ಯಾಗ ಮಧ್ಯಾಹ್ನ ಹೆಂಗಿರತೈತಿ ಅಂತ ನೋಡಿದ್ನಿ. ಬಿಸಲು ಪಡಸಾಲ್ಯಾಗ ಬಂದು ಕುಂದರತಿತ್ತು. ಮುಂದ ಎಂದೂ ನೋಡಲಿಲ್ಲ.” ಆಮೇಲೆ ಮಗನನ್ನು ಕರೆದಳು. “ಈರಾ, ಹಲಗಿ ಮ್ಯಾಲ ಬರಿ, ರೊಟ್ಟಿ ಇಲ್ಲ ಅಂತ. ಅನ್ನ, ಸಾರು, ಪಲ್ಯ.”

“ಪ್ಯಾಟಿ ದಿನ ಮಂದಿ ಬಯ್ತಾರವ್ವ.”

“ಬಯ್ಲಿ. ಬಯ್ಗಳಕ್ಕ ಯಾರೂ ಹೊಲಿಗಿ ಹಾಕಿಸಿಕೊಳ್ಳೋದಿಲ್ಲ.”

ಈರಣ್ಣ ಗೊಣಗುತ್ತಲೇ ಬರೆದ. ಗಿರಾಕಿಗಳು ಕೆಲವರು ಬೇರೆ ಕಡೆಗೆ ಹೋದರು, ಹೆಚ್ಚಿನವರು ಅನ್ನ ಉಂಡರು. ಆ ಹಲಗೆ ತಿಂಗಳು ಪೂರ್ತಿ ನಿಲ್ಲುವುದೋ ಇಲ್ಲವೋ ಎಂಬ ಅಂಜಿಕೆಯಿಂದ ನಾನು ಎರಡು ಮೂರು ದಿನಕ್ಕೊಮ್ಮೆ ಹಾವೇರಿಯಿಂದ ಬಸ್ಸು ಹತ್ತುತ್ತಿದ್ದೆ. ಮೂರನೆಯ ವಾರದ ಒಂದು ಮಧ್ಯಾಹ್ನ ಹೋದಾಗ ಗಿರಿಜಾ ಒಳಗೆ ಪಡಸಾಲೆಯಲ್ಲಿ ಬಾಯಿ ತೆರೆದು ನಿದ್ರಿಸುತ್ತಿದ್ದಳು. ಹೊರಗೆ ಹಲಗೆಯ ಪಕ್ಕದ ಕಟ್ಟೆಯ ಮೇಲೆ ನೀಲವ್ವ ಕುಳಿತಿದ್ದಳು. ಮೆಣಸಿನಕಾಯಿ ಮಾರಲು ಬಂದ ರೈತನೊಬ್ಬ ಹಲಗೆ ಓದಿ, ರೊಟ್ಟಿ ಯಾಕಿಲ್ಲ ಎಂದು ಕೇಳಿದ.

“ಸೊಸಿಗೆ ಆಪರೇಷನ್ ಆಗೇತ್ರಿ.”

“ದೊಡ್ಡದೇನ್ರಿ?”

ನೀಲವ್ವ ನನ್ನ ಕಡೆಗೊಮ್ಮೆ ನೋಡಿದಳು. ಸುಳ್ಳನ್ನು ಸುಳ್ಳೆಂದು ಕರೆಯುವುದನ್ನೇ ಬಾಳಿನುದ್ದಕ್ಕೂ ವ್ರತ ಮಾಡಿಕೊಂಡ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅವಳು ಬೆರಳುಗಳನ್ನು ಅಗಲಿಸಿ, ತನ್ನ ಹೊಟ್ಟೆಯ ಮೇಲೆ ಒಂದು ಗೇಣು ಅಳೆದು ತೋರಿಸಿದಳು.

“ಹೂನ್ರಿ, ಭಾಳ ದೊಡ್ಡದು.”