ನೆನೆಸದ ಕಪ್ಪು ಬಟ್ಟೆ

ಮುದ್ದಣ್ಣ ಮೊದಲ ಸಲ ಫಳ್ನೀರಿನ ಹೊಲಿಗೆ ಅಂಗಡಿಗೆ ಬಂದದ್ದು 1958ರ ಒಂದು ಶುಕ್ರವಾರ ಮಧ್ಯಾಹ್ನ, ಕಂಕುಳಲ್ಲಿ ಶರ್ಟಿನ ಬಿಳಿ ಬಟ್ಟೆ ಹಿಡಿದುಕೊಂಡು. ಕರಾವಳಿಯ ಬ್ಯಾರಿ ಮುಸ್ಲಿಮನಾದ ದರ್ಜಿ ಇದಿನಬ್ಬ ಅದನ್ನು ಬಾಲ್ದಿಯ ನೀರಿಗೆ ಅದ್ದಿದಾಗ ಮುದ್ದಣ್ಣ ಗಾಬರಿಯಾದ.

"ಎಂತ ಬ್ಯಾರಿ, ಹೊಲಿಯುವ ಮೊದಲೇ ಒಗೆಯುವುದಾ?"

"ಹೊಸ ಬಟ್ಟೆ ಕುಗ್ಗುತ್ತದೆ ಅಣ್ಣ. ನೆನೆಸದಿದ್ದರೆ ಈ ಶರ್ಟು ನಿಮ್ಮ ಮಗನಿಗೆ ಆದೀತು."

ಏಳು ವರ್ಷ ಆ ಮನೆಯ ಬಟ್ಟೆಯೆಲ್ಲ ಇದಿನಬ್ಬನೇ ಹೊಲಿದ. 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ ಶುರುವಾದಾಗ ಅದೇ ಮುದ್ದಣ್ಣ, ಈ ದರ್ಜಿ ರೇಡಿಯೋದಲ್ಲಿ ಶತ್ರುವಿನ ಸುದ್ದಿ ಕೇಳುತ್ತಾನೆಂದು ಪೊಲೀಸರಿಗೆ ಹೇಳಿದ. ಇದಿನಬ್ಬ ಮೂರು ದಿನ ಠಾಣೆಯ ನೆಲದಲ್ಲಿ ಕೂತ. ದೂರು ಕೊಟ್ಟವನು ಮುದ್ದಣ್ಣನೆಂದು ಅಲ್ಲೇ ತಿಳಿಯಿತು; ಅವನನ್ನೂ ಅದೇ ನೆಲದಲ್ಲಿ ಕೂರಿಸಬೇಕೆಂಬ ಒಂದೇ ಯೋಚನೆಯೊಂದಿಗೆ ಹೊರಬಂದ.

ಮನೆಯ ಬೆಳಕು ಹೊರಗೆ ಕಾಣಬಾರದೆಂದು ಆಜ್ಞೆಯಾದಾಗ ಮುದ್ದಣ್ಣ ಕಪ್ಪು ಬಟ್ಟೆ ತಂದ. "ಕಿಟಕಿಗೆ ಪರದೆ ಬೇಕು, ಬೇಗ ಕೊಡು ಮಾರಾಯ. ಹಳೆಯದನ್ನು ಮನಸ್ಸಲ್ಲಿ ಇಡಬೇಡ."

"ಎಂತ ಹಳೆಯದು? ಸಂಜೆಗೆ ಬನ್ನಿ," ಎಂದ ಇದಿನಬ್ಬ, ಬಾಲ್ದಿಯತ್ತ ನೋಡದೆ ಕತ್ತರಿ ಹಾಕಿದ.

ವಾರದೊಳಗೆ ಕಿಟಕಿಯಿಂದ ಮಳೆ ಹೊಡೆದು ಪರದೆ ನೆನೆಯಿತು, ಒಣಗುವಾಗ ಕುಗ್ಗಿ ನಾಲ್ಕು ಬೆರಳು ಮೇಲೇರಿತು; ರಾತ್ರಿ ಕೆಳಗಿನ ಸಂದಿನಿಂದ ದೀಪದ ಬೆಳಕು ಹೊರಬಿತ್ತು. ಶತ್ರು ವಿಮಾನಕ್ಕೆ ದೀಪ ತೋರಿಸುತ್ತಾನೆಂದು ಮುದ್ದಣ್ಣನನ್ನು ಅದೇ ಪೊಲೀಸರು ಕರೆದೊಯ್ದರು. ಅವನೂ ಮೂರು ದಿನ ಕೂತ.

ಇದಿನಬ್ಬ ಆಮೇಲೂ ಅದೇ ಅಂಗಡಿಯಲ್ಲಿ ಹೊಲಿಯುತ್ತಿದ್ದ. ಪ್ರತಿ ಬಟ್ಟೆಯನ್ನೂ ನೆನೆಸಿಯೇ ಕತ್ತರಿಸುತ್ತಿದ್ದ.